ದೋಸೆಯ ಹೆಸರಲ್ಲಿ ಮರೆತುಹೋದ ಬೆಣ್ಣೆ

ದಾವಣಗೆರೆಯ ಬೆಣ್ಣೆದೋಸೆಯನ್ನು ಹೊಗಳದವರಿಲ್ಲ. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮನವರು ರಾಗಿಹಿಟ್ಟಿನ ದೋಸೆ ಮಾರತೊಡಗಿದರು, ಮಕ್ಕಳು ಆಮೇಲೆ ಅಕ್ಕಿಗೆ ತಿರುಗಿದರು ಎಂಬ ಕಥೆ ಮತ್ತೆ ಮತ್ತೆ ಅಚ್ಚಾಗುತ್ತದೆ. ಅದರಲ್ಲಿ ದೋಸೆ ಹೊಯ್ದವರಿಗೆ ಹೆಸರಿದೆ, ಊರಿದೆ, ಇಸವಿಯಿದೆ. ಬೆಣ್ಣೆ ತೆಗೆದವರ ಸುದ್ದಿಯೇ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಈಗ ತೆಲಂಗಾಣದಲ್ಲಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲದ ಬೆಣ್ಣೆಗೆ ಆ ದೋಸೆಯಂಥ ಕೀರ್ತಿ ಬರಲಿಲ್ಲ. ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯ ತಾಲೂಕಾಗಿತ್ತು; ಗಡಿ ಬದಲಾದ ಮೇಲೂ ಎರಡೂ ಕಡೆಯ ಕನ್ನಡದ ಮನೆಗಳಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದು ಬೆಣ್ಣೆಮುದ್ದೆ ಹಾಗೆಯೇ ಉಳಿದವು.

ಈ ಬೆಣ್ಣೆಯ ಕಸುಬನ್ನು ಯಾರೂ ನಿಂತು ನೋಡಿಲ್ಲ. ಇಲ್ಲಿ ಹಸಿ ಹಾಲಿನ ಕೆನೆ ಕಡೆಯುವುದಿಲ್ಲ. ಹಾಲು ಕಾಸಿ, ಹೆಪ್ಪು ಹಾಕಿ, ಮೊಸರು ಹುಳಿಯೇರಿದ ಮೇಲೆ ಗಡಿಗೆಗೆ ಕಡಗೋಲು ಇಳಿಯುತ್ತದೆ. ಬೆಣ್ಣೆಯ ಘಮ ಹುಟ್ಟುವುದು ಆ ಹುಳಿಯಲ್ಲಿ. ಹೆಪ್ಪಿನ ಸೂಕ್ಷ್ಮಜೀವಿಗಳೇ ಅದನ್ನು ಕೊಡುತ್ತವೆ. ಕಡೆಯುವ ಹೊತ್ತೂ ಮುಖ್ಯ. ಬಿಸಿಲೇರಿದರೆ ಬೆಣ್ಣೆ ಮೆತ್ತಗಾಗಿ ಮಜ್ಜಿಗೆಯಿಂದ ಬೇರೆಯಾಗುವುದಿಲ್ಲ. ಚಳಿ ಹೆಚ್ಚಾದರೆ ಕಾಳುಗಳು ಒಂದಕ್ಕೊಂದು ಕೂಡುವುದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ನಸುಕಿಗೇ ಎದ್ದು ತಣ್ಣೀರು, ಚಳಿಗಾಲದಲ್ಲಿ ಉಗುರುಬೆಚ್ಚನೆಯ ನೀರು. ಎಷ್ಟು ಹಾಕಬೇಕೆಂದು ಹೇಳುವ ಅಳತೆ ಪಾತ್ರೆ ಇರಲಿಲ್ಲ. ಮಂದವಾಗಿದ್ದ ಸದ್ದು ನೀರುನೀರಾದಾಗ ಕಾಳು ಕಟ್ಟಿತೆಂದು ಕಿವಿಗೆ ತಿಳಿಯುತ್ತಿತ್ತು. ಆಮೇಲೆ ತಣ್ಣೀರಲ್ಲಿ ತೊಳೆಯಬೇಕು: ಕಡಿಮೆ ತೊಳೆದರೆ ಒಳಗುಳಿದ ಮಜ್ಜಿಗೆ ಬೇಗ ಕೆಡಿಸುತ್ತದೆ, ಹೆಚ್ಚು ತೊಳೆದರೆ ಘಮವೇ ಹೋಗುತ್ತದೆ. ಈ ನಡುವಿನ ಹದವನ್ನು ಹಿಡಿಯುವುದು ಕಾವಲಿಯ ಮೇಲೆ ಹಿಟ್ಟು ಹರಡುವುದಕ್ಕಿಂತ ಖಂಡಿತ ಕಷ್ಟ. ಎಮ್ಮೆಯ ಹಾಲಾದ್ದರಿಂದ ಬಣ್ಣ ಬೆಳ್ಳಗೆ.

ಉಪ್ಪಿಲ್ಲದ ಈ ಬೆಣ್ಣೆ ಬೇಸಿಗೆಯಲ್ಲಿ ಎರಡು ದಿನ ತಾಳಿದರೆ ಹೆಚ್ಚು. ಉಳಿದದ್ದನ್ನು ಕಾಸಿ ತುಪ್ಪ ಮಾಡಿದರು. ಸಂತೆಗೆ ಹೋದದ್ದು ತುಪ್ಪ. ಊರು ಬಿಟ್ಟು ಹೋಗದ ಪದಾರ್ಥಕ್ಕೆ ಹೊರಗಿನವರು ಹೆಸರಿಡಲಿಲ್ಲ. ದಾವಣಗೆರೆಯಲ್ಲಿ ಹೋಟೆಲಿತ್ತು, ಹೆಸರು ಬಂತು. ರುಚಿಯ ಹೆಚ್ಚುಕಡಿಮೆಗೂ ಆ ಕೀರ್ತಿಗೂ ಸಂಬಂಧವಿಲ್ಲ.

ನಮ್ಮ ಆಹಾರ ಲೇಖಕರು ಬೆಣ್ಣೆಯ ಈ ಕಸುಬನ್ನು ಬಿಟ್ಟು ಸೌದೆ ಒಲೆಯೋ ಗ್ಯಾಸೋ, ಮೊದಲ ಅಂಗಡಿ ಯಾವುದು ಎಂದು ಜಗಳವಾಡುತ್ತಾರೆ. ಇನ್ನು ಕೆಲವರು ದೋಸೆಯ ವಂಶಾವಳಿಗೆ ಸುಮಾರು 1130ರ ‘ಮಾನಸೋಲ್ಲಾಸ’ವನ್ನು ಎಳೆತರುತ್ತಾರೆ. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನ ಆ ಗ್ರಂಥದಲ್ಲಿ ಬರುವುದು ಬೇಳೆಕಾಳಿನ ದೋಸಕ. ಅಕ್ಕಿಹಿಟ್ಟಿನ, ಬೆಣ್ಣೆ ಮೆತ್ತಿದ ದೋಸೆಗೆ ಅದನ್ನು ಸಾಕ್ಷಿ ಮಾಡುವುದು ತಪ್ಪು. ಹೀಗೆ ಒಂಬತ್ತು ಶತಮಾನ ಹಿಂದಕ್ಕೆ ಹೋಗುವ ಉತ್ಸಾಹಿಗಳು ನಿನ್ನೆಯವರೆಗೆ ಅಡುಗೆಮನೆಯಲ್ಲಿ ಕಡಗೋಲು ಹಿಡಿದಿದ್ದ ಹೆಂಗಸನ್ನು ಒಂದು ಮಾತು ಕೇಳಿಲ್ಲ. ಇದು ಸಣ್ಣ ಲೋಪವಲ್ಲ.

ದಾವಣಗೆರೆಯ ದೋಸೆ ಒಳ್ಳೆಯ ದೋಸೆಯೇ. ಆದರೆ ಅದರ ಚರಿತ್ರೆ ಹೋಟೆಲಿನ ಚರಿತ್ರೆ. ಬೆಣ್ಣೆಯ ಚರಿತ್ರೆ ಇನ್ನೂ ಬರೆದಿಲ್ಲ. ಮಕ್ತಲ್ ಕಡೆ ಮಜ್ಜಿಗೆ ಕಡೆಯಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಬರೆಯುವವರು ಈ ಬೇಸಿಗೆಯಲ್ಲೇ ಅವರ ಮನೆಗೆ ಹೋಗಲಿ, ನಸುಕಿನಲ್ಲೇ ಹೋಗಲಿ.