ಬಂಗಡೆ ಸಾರಿಗೆ ಕಿನೋವಾ

ಕಾರವಾರ, ಅಂಕೋಲಾದ ಊಟವೆಂದರೆ ಕುಚ್ಚಲಕ್ಕಿ ಅನ್ನ, ಮೀನು ಸಾರು. ಆ ಜಾಗವನ್ನು ಕಿನೋವಾ ಕಸಿಯಬೇಕಿಲ್ಲ. ವಾರಕ್ಕೊಮ್ಮೆ ಬಂದರೆ ಸಾಕು. ಆಂಡಿಸ್ ಬೆಟ್ಟಗಳ ಈ ಕಾಳು ಉಪ್ಪುನೆಲದಲ್ಲೂ ಬೆಳೆಯುತ್ತದೆ, ಕುಮಟಾ ಕಡೆಯ ಗಜನಿ ಎಂಬ ಉಪ್ಪುಗದ್ದೆಗಳ ಕಗ್ಗ ಭತ್ತದ ಹಾಗೆ. ಆ ಗಟ್ಟಿತನವೇ ನನಗೆ ಇಷ್ಟ.

ಕಾಳಿನ ಮೈಮೇಲೆ ಸಪೋನಿನ್ ಎಂಬ ಕಹಿ ಇರುತ್ತದೆ; ನೊರೆ ಹೋಗುವವರೆಗೆ ತಿಕ್ಕಿ ತೊಳೆಯಿರಿ. ಒಂದು ಲೋಟಕ್ಕೆ ಎರಡು ಲೋಟ ನೀರು, ಚಿಟಿಕೆ ಉಪ್ಪು, ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ. ಕಾಳು ಅರಳಿ, ಬಿಳಿ ಎಳೆಯೊಂದು ಪುಟ್ಟ ಬಾಲದಂತೆ ಬಿಚ್ಚಿಕೊಂಡರೆ ಬೆಂದಂತೆ. ಒಲೆ ಆರಿಸಿ 5 ನಿಮಿಷ ಬಿಡಿ.

ಕಾಯಿ ಅರೆದು, ತೆಪ್ಪಲ ಎಂಬ ಮಸಾಲೆ ಹಾಕಿದ ಬಂಗಡೆ ಸಾರನ್ನು ಇದು ಸೊಗಸಾಗಿ ಹೀರುತ್ತದೆ. ಉಳಿದದ್ದಕ್ಕೆ ಮರುದಿನ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿ. ಕಾಳು ದುಬಾರಿ, ನಿಜ. ಆದರೆ ಒಂದು ಲೋಟ ಬೆಂದರೆ ಸುಮಾರು ಮೂರಾಗುತ್ತದೆ.