ದಾರಿ ತೋರಿಸದ ಎಚ್ಚರಿಕೆ

ಕಪ್ಪು ಕಡಲು, ಏಳುವ ಅಲೆಗಳ ನಡುವೆ ಒಂದು ಪುಟ್ಟ ದೋಣಿ, ಮೇಲೆ ಕೆಂಪಕ್ಷರದಲ್ಲಿ ‘ನೋ ವೇ’: ಆಸ್ಟ್ರೇಲಿಯಾ ನಿಮ್ಮ ಮನೆಯಾಗುವುದಿಲ್ಲ. ಆಶ್ರಯ ಕೋರಿ ದೋಣಿಯಲ್ಲಿ ಬರುವವರನ್ನು ತಡೆಯಲು ಅಲ್ಲಿನ ಆಗಿನ ಪ್ರಧಾನಿ ಟೋನಿ ಅಬಾಟ್ ಅವರ ಸರ್ಕಾರ ಈ ಭಿತ್ತಿಪತ್ರವನ್ನು ಹಲವು ಭಾಷೆಗಳಲ್ಲಿ ಹಂಚಿತು. ಸಮವಸ್ತ್ರದ ಸೇನಾಧಿಕಾರಿ ಆಂಗಸ್ ಕ್ಯಾಂಬೆಲ್ ವಿಡಿಯೊದಲ್ಲಿ ಅದನ್ನೇ ಹೇಳಿದರು. ಮಾತು ಕಟುವಾದರೂ ಅದರಿಂದ ದೋಣಿಗಳು ನಿಂತವು, ಜೀವಗಳು ಉಳಿದವು ಎನ್ನುವುದು ಈಗ ಯುರೋಪಿನಲ್ಲೂ ಬೇರೂರಿದ ನಂಬಿಕೆ.

ಕಡಲಿನ ಸಾವು ಸುಳ್ಳಲ್ಲ. 2010ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ರಿಸ್‌ಮಸ್ ದ್ವೀಪದ ಬಂಡೆಗಳಿಗೆ ಬಡಿದು ದೋಣಿಯೊಂದು ಒಡೆದಾಗ ದ್ವೀಪದ ಜನರ ಕಣ್ಣೆದುರೇ ಹತ್ತಾರು ಮಂದಿ ಸತ್ತರು. ಆದರೆ ಆಮೇಲೆ ದೋಣಿಗಳನ್ನು ತಡೆದದ್ದು ಭಿತ್ತಿಪತ್ರವಲ್ಲ. ನಡುಗಡಲಿನಲ್ಲೇ ಹಿಂದಕ್ಕಟ್ಟಿದ ಹಡಗುಗಳು, ದೋಣಿಯವರನ್ನು ಕೂಡಿಹಾಕಿದ ನೌರು ಮತ್ತು ಮಾನುಸ್ ದ್ವೀಪಗಳ ಶಿಬಿರಗಳು. ಪ್ರಚಾರ ತಿಂಗಳುಗಟ್ಟಲೆ ನಡೆದ ಮೇಲೂ, 2014ರ ಜೂನ್‌ನಲ್ಲಿ, ಶ್ರೀಲಂಕಾ ಮೂಲದ 157 ತಮಿಳರು ಮಕ್ಕಳನ್ನು ಕಟ್ಟಿಕೊಂಡು ಪುದುಚೇರಿಯಿಂದ ದೋಣಿಯಲ್ಲಿ ಹೊರಟರು. ಅವರನ್ನು ವಾರಗಟ್ಟಲೆ ಆಸ್ಟ್ರೇಲಿಯಾದ ಹಡಗಿನಲ್ಲೇ ಕೂಡಿಹಾಕಿ, ಕೊನೆಗೆ ನೌರುವಿಗೆ ಸಾಗಿಸಲಾಯಿತು.

ಬ್ರಿಟನ್ ಕೂಡ ಇಂಥ ಬೆದರಿಕೆಯನ್ನೇ ನಂಬಿತು. ದೋಣಿಯಲ್ಲಿ ಬಂದವರನ್ನು ರುವಾಂಡಾಕ್ಕೆ ಕಳಿಸುತ್ತೇವೆಂದು 2022ರ ಏಪ್ರಿಲ್‌ನಲ್ಲಿ ಘೋಷಿಸಿತು. ಜನ ಇದಕ್ಕೆ ಹೆದರುತ್ತಾರೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಗೃಹ ಇಲಾಖೆಯ ಅತ್ಯುನ್ನತ ಅಧಿಕಾರಿಯೇ ಸಚಿವರಿಗೆ ಬರೆದಿದ್ದರು. ಆ ವರ್ಷ ದೋಣಿಗಳಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬಂದವರು 45,755 ಮಂದಿ. ಘೋಷಣೆ ತಲುಪಿದ್ದು ಯಾರಿಗೆ? ದೇಶದೊಳಗಿರುವ ಮತದಾರನಿಗೆ ಎನ್ನದೆ ನನಗೆ ಬೇರೆ ಉತ್ತರ ಹೊಳೆಯುವುದಿಲ್ಲ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆಸ್ಟ್ರೇಲಿಯಾದ ಆ ಭಿತ್ತಿಪತ್ರದಲ್ಲಿ ಇಲ್ಲದ ಸಾಲು. ದೋಣಿ ಹತ್ತಬೇಡಿ, ಸರಿ. ಹಾಗಾದರೆ ಎಲ್ಲಿಗೆ ಹೋಗಬೇಕು? ಜೀವ ಉಳಿಸುವುದೇ ಗುರಿಯಾಗಿದ್ದರೆ ಕೆಳಗೊಂದು ವಿಳಾಸ ಇರಬೇಕಿತ್ತು: ಈ ಕಚೇರಿಗೆ ಬನ್ನಿ, ಅರ್ಜಿ ಕೊಡಿ, ನಿಮ್ಮ ಮಾತು ಕೇಳುತ್ತೇವೆ. ಕಾಬೂಲಿನಲ್ಲೋ ಕ್ವೆಟ್ಟಾದಲ್ಲೋ ಜೀವಭಯದಲ್ಲಿರುವ ಹಜಾರಾ ಸಮುದಾಯದ ಮನುಷ್ಯನಿಗೆ ಕಡಲು ಅಪಾಯವೆಂದು ಗೊತ್ತಿಲ್ಲದೆ ಇಲ್ಲ. ಅವನು ಅದನ್ನು ಮನೆಯಲ್ಲಿರುವ ಅಪಾಯದ ಜೊತೆ ತೂಗಿ ನೋಡಿರುತ್ತಾನೆ. ಅವನಿಗೆ ಬೇಕಾದದ್ದು ಇನ್ನೊಂದು ದಾರಿ.

ಅಂಥ ದಾರಿಯೊಂದು ಇತ್ತು. ಇಂಡೊನೇಷ್ಯಾದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯಲ್ಲಿ ಹೆಸರು ಬರೆಸಿ, ಸರದಿ ಬರುವತನಕ ಕಾಯುವುದು. ಸರದಿ ಹಾರಿ ಬಂದವರೆಂದು ದೋಣಿಯವರನ್ನು ಹಳಿಯುತ್ತಿದ್ದವರು ತೋರಿಸುತ್ತಿದ್ದದ್ದೂ ಇದನ್ನೇ. 2014ರ ನವೆಂಬರ್‌ನಲ್ಲಿ ಅದೇ ಅಬಾಟ್ ಸರ್ಕಾರ ಹೊಸ ನಿಯಮ ತಂದಿತು: ಅಲ್ಲಿ ಆ ವರ್ಷದ ಜುಲೈ 1ರಿಂದ ಹೆಸರು ಬರೆಸಿದವರಿಗೆ ಆಸ್ಟ್ರೇಲಿಯಾದಲ್ಲಿ ಪುನರ್ವಸತಿ ಇಲ್ಲ. ಎಚ್ಚರಿಕೆಗೆ ಕಿವಿಗೊಟ್ಟು ದೋಣಿ ಹತ್ತದೆ ಉಳಿದವರಿಗೂ ಬಾಗಿಲು ಮುಚ್ಚಿತು. ಇಂಡೊನೇಷ್ಯಾ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅಲ್ಲಿ ಅವರಿಗೆ ದುಡಿದು ತಿನ್ನುವ ಹಕ್ಕೂ ಇಲ್ಲ.