ಗುಂಡುತೋಪು ಮರೆತ ಪಾರ್ಕು

ತುಮಕೂರಿನ ಹೊಸ ಬಡಾವಣೆಗಳ ಪಾರ್ಕುಗಳಲ್ಲಿ ಒಂದನ್ನು ನೋಡಿದರೆ ಹತ್ತನ್ನು ನೋಡಿದಂತೆ. ಸುತ್ತ ಕಬ್ಬಿಣದ ಬೇಲಿ, ಇಂಟರ್‌ಲಾಕ್ ಕಲ್ಲಿನ ವಾಕಿಂಗ್ ಪಾತ್, ನಡುವೆ ಹುಲ್ಲುಹಾಸು, ಮೂಲೆಯಲ್ಲಿ ಓಪನ್ ಜಿಮ್. ಇಲ್ಲಿ ರಾಗಿ ಹೊಲವಿತ್ತು, ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲಿತ್ತು, ಬದುವಿನ ಮೇಲೆ ಹುಣಸೆ, ಹೊಂಗೆ ಇದ್ದವು ಎಂಬುದಕ್ಕೆ ಗುರುತೇ ಉಳಿದಿಲ್ಲ.

ಬೆಳಗಿನ ಜಾವ ನಡೆಯುವ ಹಿರಿಯರಿಗೆ, ಸಂಜೆ ಮಕ್ಕಳನ್ನು ಆಡಲು ಬಿಟ್ಟು ಕೂರುವ ತಾಯಂದಿರಿಗೆ ಈ ಪಾರ್ಕು ಬೇಕೇ ಬೇಕು. ಉದ್ಯಾನ, ಆಟದ ಬಯಲುಗಳನ್ನು ಕಾಪಾಡಲು 1985ರಲ್ಲೇ ರಾಜ್ಯ ಕಾಯ್ದೆ ಮಾಡಿದೆ. ಸೈಟಾಗದೆ ಇಷ್ಟು ಜಾಗ ಉಳಿದದ್ದೇ ದೊಡ್ಡದು. ನನ್ನ ತಕರಾರಿರುವುದು ಅದನ್ನು ರೂಪಿಸುವ ಕ್ರಮದಲ್ಲಿ. ಮೊದಲು ಜೆಸಿಬಿ ಬಂದು ನೆಲ ಮಟ್ಟ ಮಾಡುತ್ತದೆ. ಬದು ಹೋಯಿತು, ಬಾವಿ ಮುಚ್ಚಿತು, ಮರ ಉರುಳಿತು. ಆಮೇಲೆ ನರ್ಸರಿಯಿಂದ ಅಲಂಕಾರದ ಗಿಡ ಬರುತ್ತದೆ, ಅದಕ್ಕೆ ನೀರುಣಿಸಲು ಬೋರ್‌ವೆಲ್ ಕೊರೆಸುತ್ತಾರೆ. ಬದುವಿಗೆ ನಿಂತು ಇಂಗುತ್ತಿದ್ದ ಮಳೆನೀರು ಈಗ ಕಲ್ಲಿನ ಮೇಲೆ ಜಾರಿ ಚರಂಡಿ ಸೇರುತ್ತದೆ.

ಪಾರ್ಕಿನ ಕಲ್ಪನೆ ನಮ್ಮ ಸೀಮೆಗೆ ಹೊಸದಲ್ಲ. ಊರ ಹೊರಗೆ ಗುಂಡುತೋಪು ಇರುತ್ತಿತ್ತು: ಮಾವು, ನೇರಳೆ, ಹುಣಸೆ, ಹಲಸು. ಕಂದಾಯ ದಾಖಲೆಗಳಲ್ಲಿ ಆ ಹೆಸರು ಇಂದಿಗೂ ಇದೆ. ಗಾಡಿ ಬಿಚ್ಚಿ ಎತ್ತು ಕಟ್ಟುವವರು, ಜಾತ್ರೆಗೆ ಬಂದು ಒಲೆ ಹೂಡುವವರು, ಮಧ್ಯಾಹ್ನ ಒರಗುವ ದನಗಾಹಿಗಳು ಅದರ ನೆರಳಿಗೆ ಬರುತ್ತಿದ್ದರು. ಅದಕ್ಕೆ ಗೇಟಿರಲಿಲ್ಲ, ಬೀಗವಿರಲಿಲ್ಲ. ಆ ತೋಪಿನ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಪಾರ್ಕು ಬಡವಾಗಿ ಕಾಣುತ್ತದೆ: ನೆರಳಿಲ್ಲ, ಹಣ್ಣಿಲ್ಲ, ಹಕ್ಕಿಗೆ ಗೂಡು ಕಟ್ಟಲು ಕೊಂಬೆಯಿಲ್ಲ.

ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ಹಲಸಿನ ಮರ, ಕೆಂಪು ತೊಳೆಯ ಹಣ್ಣಿನಿಂದಾಗಿ ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಅದೇ ಇಂದಿನ 'ಸಿದ್ದು' ತಳಿ. ಮರ ನೆಟ್ಟ ಆ ರೈತರ ತಂದೆಯ ಹೆಸರನ್ನೇ ತಳಿಗೆ ಇಟ್ಟಿದ್ದಾರೆ. ಇಂಥ ಮರ ನಮ್ಮದೇ ಜಿಲ್ಲೆಯಲ್ಲಿರುವಾಗ ಪಾರ್ಕಿಗೆ ಹಣ್ಣೂ ನೆರಳೂ ಕೊಡದ ಗಿಡ ತರಿಸುವುದು ನನಗೆ ನೋವಿನ ಸಂಗತಿ. ಇದ್ದ ಮರ ಉಳಿಸಿಕೊಂಡೇ ನೆಲ ಬಳಸಬಹುದು ಎಂಬುದಕ್ಕೆ ಕುಣಿಗಲ್ಲಿನ ಕುದುರೆ ಫಾರಂ ನೋಡಿ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ, 400 ಎಕರೆಗೂ ಮಿಕ್ಕ ನೆಲ. ಕುದುರೆಗೆ ಮೇವು, ನೆರಳು ಬೇಕಿತ್ತು. ದೊಡ್ಡ ಮರಗಳು ಉಳಿದುಕೊಂಡವು.

ಮುಂದಿನ ಪಾರ್ಕಿನ ನಕ್ಷೆ ಬರೆಯುವ ಮುನ್ನ ಎಂಜಿನಿಯರು ಆ ಜಾಗದಲ್ಲಿ ಹೊಲ ಉತ್ತವರ ಜೊತೆ ಒಂದು ಸುತ್ತು ಹಾಕಲಿ. ನೀರು ಯಾವ ಕಡೆ ಇಳಿಯುತ್ತಿತ್ತು, ಬಾವಿ ಎಲ್ಲಿತ್ತು, ಕಣ ಎಲ್ಲಿ ಮಾಡುತ್ತಿದ್ದಿರಿ ಎಂದು ಕೇಳಲಿ. ಅವರನ್ನು ದೂರ ಹುಡುಕಬೇಕಿಲ್ಲ. ಸಂಜೆ ಹೊತ್ತು ಈಗಿರುವ ಯಾವುದೋ ಪಾರ್ಕಿನ ಬೆಂಚಿನ ಮೇಲೆ ಕೂತಿರುತ್ತಾರೆ.